ಕೆಟ್ಟರೆ ನಿಲ್ಲಬೇಕು

ನಮ್ಮ ದೊಡ್ಡಪ್ಪ ಇರುವುದು ಗುಬ್ಬಿಯಲ್ಲಿ, ಅವರ ತೆಂಗಿನ ತೋಟ ಅದೇ ತಾಲ್ಲೂಕಿನ ಕಡಬದಲ್ಲಿ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಹೇಳುವವರಿಲ್ಲ. ಬಂದಾಗ ಬೋರಿನ ಮೋಟರು ತಾನೇ ಓಡಬೇಕು. ಅದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ: ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ, ಸಂದಿಗೊಂದು ಕಡ್ಡಿ ಸಿಕ್ಕಿಸಿ ಮನೆಗೆ ಹೋಗುವುದು. ಹೋದ ಬೇಸಿಗೆಯಲ್ಲಿ ನೀರು ತಳ ಸೇರಿದ ಮೇಲೂ ಮೋಟರು ಓಡಿ ಸುಟ್ಟುಹೋಯಿತು.

“ಇನ್ನೊಂದ್ಸಲ ಸುಟ್ರೆ ಎತ್ಸೋ ತ್ರಾಣ ನಂಗಿಲ್ಲ” ಅಂದರು. ನಾನು ಸದಾಶಿವನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಡಬ್ಬಿ ಕಟ್ಟಿದೆ. ಒಳಗಿನ ಮೈಕ್ರೋಕಂಟ್ರೋಲರ್ ಚಿಪ್ಪು ನೀರಿದೆಯೇ ಎಂದು ನೋಡಿ ಮೋಟರು ಓಡಿಸುತ್ತದೆ. ಆದರೆ ಚಿಪ್ಪನ್ನೇ ಏಕೆ ನಂಬಬೇಕು? ಅದಕ್ಕೂ ಮಂಕು ಕವಿಯುತ್ತದೆ. ಹಾಗಾಗಿ ಹೊರಗೊಂದು ವಾಚ್‌ಡಾಗ್ ಸರ್ಕ್ಯೂಟು ಇಟ್ಟೆ. ಪ್ರತಿ ಸಲ ನೀರು ನೋಡಿದ ಮೇಲೆ ಚಿಪ್ಪು ಅದಕ್ಕೊಂದು ಮಿಡಿತ ಕಳಿಸಬೇಕು. ಮಿಡಿತ ತಪ್ಪಿತೋ, ಮೋಟರಿಗೆ ಕರೆಂಟು ಕೊಡುವ ರಿಲೇ ಸ್ವಿಚ್ಚು ಬಿಟ್ಟುಕೊಳ್ಳುತ್ತದೆ, ಮೋಟರು ನಿಲ್ಲುತ್ತದೆ. ಯಾರಾದರೂ ಬಂದು ನೋಡಿ ಗುಂಡಿ ಒತ್ತುವವರೆಗೆ ಮತ್ತೆ ಓಡುವುದಿಲ್ಲ. ಅದು ನನ್ನ ಹಟ.

ತೋಟದಲ್ಲಿ ಕೂರಿಸಿ ಬಂದ ಸ್ವಲ್ಪ ದಿನಕ್ಕೇ ದೊಡ್ಡಪ್ಪನ ಫೋನು. “ಏನೇ ನಿನ್ ಡಬ್ಬಿ? ಮತ್ತೆ ನಿಂತೋಗೈತೆ!”

ಹೋಗಿ ನೋಡಿದರೆ, ಗುಬ್ಬಿಯ ಮೋಟರ್ ರಿಪೇರಿಯವರನ್ನು ಕರೆಸಿ, ನನ್ನ ರಿಲೇಯನ್ನು ತಪ್ಪಿಸಿ ಕರೆಂಟು ಹರಿಯುವಂತೆ ಒಂದು ತುಂಡು ವೈರು ಹಾಕಿಸಿದ್ದರು. ಕಡ್ಡಿಯ ಜಾಗಕ್ಕೆ ವೈರು ಬಂದಿತ್ತು, ಅಷ್ಟೇ.

“ನಿಮ್ ವಾಚ್‌ಡಾಗು ಮನೆಯೋರ್ನೇ ಕಚ್ಚುತ್ತಲ್ಲಮ್ಮಾ” ಎಂದು ಇನ್ನೂ ಅಲ್ಲೇ ಇದ್ದ ರಿಪೇರಿಯವರು ನಕ್ಕರು.

“ಮನೆಯೋರೇ ಬೇಲಿ ಹಾರಿದ್ರೆ ಇನ್ನೇನ್ ಮಾಡುತ್ತಣ್ಣಾ?”

ದೊಡ್ಡಪ್ಪ ರೇಗಿದರು. “ಡಿಬೇಟಲ್ಲಿ ಕಪ್ ಹೊಡ್ದಿದೀನಿ ಅಂತ ಇಲ್ಲೂ ವಾದಕ್ಕೆ ನಿಂತ್ಕೋಬೇಡ. ಮೋಟ್ರು ನಿಂತ್ರೆ ಮರಕ್ಕೆ ನೀರಿಲ್ಲ.”

“ಒಂದಿನ ನೀರಿಲ್ದಿದ್ರೆ ತೆಂಗು ಸಾಯುತ್ತಾ ದೊಡ್ಡಪ್ಪ?”

“ಸಾಯಲ್ಲ.”

“ನೀರಿಲ್ದೆ ಒಂದಿನ ಓಡಿದ್ರೆ ಮೋಟ್ರು?”

ದೊಡ್ಡಪ್ಪ ರಿಪೇರಿಯವರ ಕಡೆ ನೋಡಿದರು. ರಿಪೇರಿಯವರು ತೆಂಗಿನ ಸುಳಿ ನೋಡುತ್ತಿದ್ದರು.

ಬರೀ ಮಾತಿನಿಂದ ಒಪ್ಪಿಸಿಬಿಟ್ಟರೆ ನಾಳೆ ಇನ್ನೊಬ್ಬರ ಮಾತಿಗೂ ಒಪ್ಪುತ್ತಾರೆ; ಕಣ್ಣಾರೆ ತೋರಿಸಬೇಕು. ಮೋಟರು ಹಾಕಿ, ಪರೀಕ್ಷೆಗೆಂದೇ ಇಟ್ಟಿದ್ದ ಸ್ವಿಚ್ಚಿನಿಂದ ಚಿಪ್ಪನ್ನು ಸ್ತಬ್ಧ ಮಾಡಿದೆ. ಡಬ್ಬಿಯ ದೀಪ ಮಿನುಗುವುದು ನಿಂತಿತು, ನೀರು ಮಾತ್ರ ಧುಮುಕುತ್ತಲೇ ಇತ್ತು. “ಈಗ ಬೋರು ಖಾಲಿಯಾದ್ರೆ ನೋಡೋರ್ ಯಾರು?” ಎಂದೆ. ಮೇನ್ ಸ್ವಿಚ್ಚು ಆರಿಸಿ, ವೈರು ಕಿತ್ತು, ಮತ್ತೆ ಅದನ್ನೇ ಮಾಡಿದೆ. ಟಕ್ ಎಂದಿತು ರಿಲೇ. ಪೈಪಿನ ಧಾರೆ ಸಣ್ಣಗಾಗಿ ನಿಂತಿತು.

“ಮೊನ್ನೆ ವೋಲ್ಟೇಜು ಕುಸಿದು ಚಿಪ್ಪು ಮಂಕಾದಾಗ ಆಗಿದ್ದೂ ಇದೇ, ಅದಕ್ಕೇ ಮೋಟ್ರು ನಿಂತಿದ್ದು” ಅಂದೆ. “ವೈರು ಬೇಕಾ, ಡಬ್ಬಿ ಬೇಕಾ? ಎರಡೂ ಇರಕ್ಕೆ ನಾನು ಬಿಡಲ್ಲ.” ಡಬ್ಬಿಯ ಸ್ಕ್ರೂ ಬಿಚ್ಚಲು ಶುರು ಮಾಡಿಯೇಬಿಟ್ಟೆ.

ದೊಡ್ಡಪ್ಪ ವೈರು ಕಸಿದುಕೊಂಡು ಜೇಬಿಗೆ ಹಾಕಿಕೊಂಡರು. “ನಿಲ್ಲೋದಾದ್ರೆ ನಿಲ್ಲಲಿ ಬುಡು. ಬಂದು ಒತ್ತೋನು ನಾನೇ ತಾನೆ!”

ಈಗಲೂ ನಿಂತಾಗಲೆಲ್ಲ ಗುಬ್ಬಿಯಿಂದ ಬೈಕಿನಲ್ಲಿ ತೋಟಕ್ಕೆ ಹೋಗಿ, ಅಲ್ಲಿಂದಲೇ ಫೋನು ಮಾಡಿ ಬೈಯುತ್ತಾರೆ. ನಾನು ಸಾರಿ ಕೇಳುವುದಿಲ್ಲ. ಬೈದು ಮುಗಿಸಲಿ ಎಂದು ಕಾದು, “ಬೋರಲ್ಲಿ ನೀರಿತ್ತಾ ದೊಡ್ಡಪ್ಪ?” ಎನ್ನುತ್ತೇನೆ. ನೀರು ತಳ ಸೇರಿದ್ದ ಸಲ ಫಟ್ಟನೆ ಫೋನು ಇಟ್ಟುಬಿಡುತ್ತಾರೆ.