ಸೊಸೆ ನುಡಿಯದ ಹೆಸರು

ಕಂಪ್ಯೂಟರಿನ ಪರದೆಯನ್ನು ಎರಡು ಸಲ ನೋಡಿಯೇ ಜುಲೇಖಾ "ಹಳೇ ಕಾಗದ ಏನೂ ಇಲ್ರಿ" ಎಂದಿದ್ದಳು. ರೋಣದ ಆ ಧರ್ಮಾರ್ಥ ದವಾಖಾನೆಯ ಚೀಟಿ ಕಿಂಡಿಯಲ್ಲಿ ಕೂತು ಹದಿನಾಲ್ಕು ವರ್ಷಗಳಿಂದ ಅವಳು ಇಂಥ ಉತ್ತರವನ್ನು ದಿನಕ್ಕೆ ಹತ್ತಾರು ಬಾರಿ ಕೊಡುತ್ತ ಬಂದವಳು. ಸೂಡಿಯ ಸಿದ್ದಲಿಂಗವ್ವ, ಬೈಕಿನಿಂದ ಬಿದ್ದು ಎಚ್ಚರ ತಪ್ಪಿದ ಮಗನನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಬಂದಿದ್ದಳು. ಹೆಸರು ಕೇಳಿದರೆ "ಬಸ್ಯಾ" ಎಂದಳು. ಬಸ್ಯಾ, ಬಸು, ಬಸಪ್ಪ, ಬಸವರಾಜ, ಹೀಗೆ ಜುಲೇಖಾ ತಿಳಿದ ಬಗೆಯಲ್ಲೆಲ್ಲ ಹುಡುಕಿದಳು. ದವಾಖಾನೆ ಕೊಂಡಿದ್ದ ಕಂಪನಿಯ ತಂತ್ರಾಂಶಕ್ಕೆ ಹೆಸರಿನ ಅಕ್ಷರಗಳನ್ನು ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ. ಅವಳ ಮಾತನ್ನು ನಂಬಿ ಮಾಳಪ್ಪ ಡಾಕ್ಟರು ಗಾಯ ನಂಜಾಗದಿರಲೆಂದು ಇಂಜೆಕ್ಷನ್ ಕೊಡಿಸಿದರು. ಐದು ನಿಮಿಷದೊಳಗೆ ರೋಗಿಯ ಮುಖ ಊದಿಕೊಂಡಿತು, ಉಸಿರು ಕಟ್ಟಿತು. ಡಾಕ್ಟರು ಪಕ್ಕದಲ್ಲೇ ಇದ್ದುದರಿಂದ ಜೀವವೊಂದು ಉಳಿಯಿತು.

ಮಧ್ಯಾಹ್ನ ಗಜೇಂದ್ರಗಡದ ತವರಿನಿಂದ ಧಾವಿಸಿ ಬಂದ ಅವನ ಹೆಂಡತಿ ಶ್ವೇತಾ ಆಧಾರ್ ಕಾರ್ಡು ಕೊಟ್ಟಳು. ಅದರಲ್ಲಿದ್ದ ಹೆಸರು ಅಂದಾನಪ್ಪ. ಆ ಅಕ್ಷರಗಳನ್ನು ಒತ್ತಿದ್ದೇ ತಡ, ಎರಡು ವರ್ಷದ ಹಿಂದಿನ ಕಾಗದ ಎದುರಿಗೆ ಬಂತು. ಇದೇ ಇಂಜೆಕ್ಷನ್ ಈತನ ಮೈಗೆ ಆಗದು ಎಂದು ಅಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು. ನಮೂದಿಸಿದವಳು ಜುಲೇಖಾಳೇ.

ತಾಯಿ ತಪ್ಪು ಹೆಸರು ಹೇಳಿದಳೆಂದು ದವಾಖಾನೆಯವರೆಲ್ಲ ಸಿದ್ದಲಿಂಗವ್ವನ ಮೇಲೆ ಹೊಣೆ ಹಾಕಿ ಕೈತೊಳೆದುಕೊಂಡರು. ಜುಲೇಖಾ ಒಪ್ಪಲಿಲ್ಲ. ಇಲ್ಲ ಎಂದವಳು ತಾನು. ಹೆಸರಿನ ಗೋಜಲಿನಲ್ಲಿ ಸಿಕ್ಕು ಇನ್ನೊಬ್ಬರ ಉಸಿರು ನಿಲ್ಲುವಂತಾಗಬಾರದು. ಅದಕ್ಕೆ ಬೇಕಾದ ತಂತ್ರಾಂಶವನ್ನು ಯಾರೂ ಬರೆದುಕೊಡದಿದ್ದರೆ ತಾನೇ ಬರೆಯಬೇಕು ಎಂದು ಅಂದೇ ನಿಶ್ಚಯಿಸಿದಳು.

ಬರೆಯುವುದು ಅವಳಿಗೆ ಹೊಸದೇನಲ್ಲ. ನರಗುಂದದಲ್ಲಿ ಅವಳ ತಂದೆ ಕುತುಬುದ್ದೀನ ಅಂಗಡಿಗಳ ಫಲಕ ಬರೆಯುವವರು. ಗಿರಾಕಿ ಚೀಟಿಯಲ್ಲಿ ಬರೆದು ತಂದಿದ್ದರೂ ಹೆಸರನ್ನು ಬಾಯಿಂದ ಎರಡು ಸಲ ಹೇಳಿಸದೆ ಕುಂಚ ಎತ್ತುತ್ತಿರಲಿಲ್ಲ. ಮಗಳು ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದಾಗ ನೆಂಟರು ಮೂಗು ಮುರಿದರು. ತಂದೆ, ತಾನು ಬಣ್ಣದಲ್ಲಿ ಬರೆಯುವುದನ್ನು ಅವಳು ಬೆಳಕಿನಲ್ಲಿ ಬರೆಯುತ್ತಾಳೆ ಎಂದು ಅವರ ಬಾಯಿ ಮುಚ್ಚಿಸಿದರು. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಲ್ತಮಶನನ್ನು ಮದುವೆಯಾಗಿ ರೋಣಕ್ಕೆ ಬಂದ ಮೇಲೆ ದವಾಖಾನೆಯ ಔಷಧ ಉಗ್ರಾಣಕ್ಕೊಂದು ಸಣ್ಣ ತಂತ್ರಾಂಶ ಬರೆದುಕೊಟ್ಟಿದ್ದಳು. ಅವಧಿ ಮುಗಿದ ಗುಳಿಗೆಗಳನ್ನು ಅದು ಇಂದಿಗೂ ಎತ್ತಿ ತೋರಿಸುತ್ತದೆ.

ಒಂಬತ್ತು ತಿಂಗಳು ಅವಳು ಕಿವಿಯನ್ನೇ ಪಾಠಶಾಲೆ ಮಾಡಿಕೊಂಡಳು. ಹೊಳೆಮಣ್ಣೂರಿನ ಒಬ್ಬಳೇ ಕಾಶೀಂಬಿ ಕಡತದಲ್ಲಿ ಕಾಸಿಂಬಿ, ಖಾಸೀಮಬಿ, ಕಾಶಿಮಬಿ ಎಂದು ಮೂರು ಹೆಂಗಸರಾಗಿದ್ದಳು. ಫಕೀರಸಾಬ ಪಕ್ಕೀರಸಾಬನಾಗಿದ್ದ. ದೂರದ ಊರಿನ ಕಂಪನಿಯ ಯಾರೋ ಶುದ್ಧಗೊಳಿಸುವ ಉತ್ಸಾಹದಲ್ಲಿ ಹೆಸರುಗಳ ಕೊನೆಯ ಅವ್ವಂದಿರನ್ನೆಲ್ಲ ಅಮ್ಮಂದಿರನ್ನಾಗಿ ತಿದ್ದಿದ್ದರು. ಕಾಗುಣಿತ ಏನೇ ಇರಲಿ, ಉಚ್ಚಾರದಲ್ಲಿ ಹತ್ತಿರವಿರುವ ಹೆಸರುಗಳೆಲ್ಲ ಒಂದೇ ಕಟ್ಟಿಗೆ ಬಂದು ನಿಲ್ಲುವಂತೆ ಜುಲೇಖಾ ಸೂತ್ರ ಕಟ್ಟಿದಳು. ಮಾಳಪ್ಪ ಡಾಕ್ಟರು ನಲವತ್ತು ಹೆಸರು ಕೊಟ್ಟು ಪರೀಕ್ಷಿಸಿದರು. ನಲವತ್ತೂ ಸಿಕ್ಕವು.

"ಈಗ ಬಸ್ಯಾನ ಹುಡುಕ್ರಿ" ಎಂದರು ಅವರು.

ಪರದೆ ಬರಿದಾಯಿತು. ಬಸ್ಯಾನಿಗೂ ಅಂದಾನಪ್ಪನಿಗೂ ಯಾವ ಕಿವಿಯೂ ನಂಟು ಕಟ್ಟಲಾರದು.

"ನಿಮ್ಮ ಯಂತ್ರಕ್ಕ ಕಿವಿ ಬಂದಾವ ಜುಲೇಖಾ ಬಾಯಾರ, ಬುದ್ಧಿ ಇನ್ನೂ ಬರಬೇಕು." ಡಾಕ್ಟರು ನಕ್ಕರಾದರೂ ಮುಂದಿನ ಮಾತು ನಗೆಯದಾಗಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ದವಾಖಾನೆ ನಡೆಸುವ ಟ್ರಸ್ಟಿನ ಸಭೆ ಇತ್ತು. ಪ್ರತಿಯೊಬ್ಬ ರೋಗಿಗೂ ಅಂಕಿಯ ಕಾರ್ಡು ಕೊಡುವ ಹೊಸ ತಂತ್ರಾಂಶ ಕೊಳ್ಳುವ ಮಾತು ನಡೆದಿತ್ತು. ಅದು ಬಂದರೆ ಇವಳದನ್ನು ಕೇಳುವವರಿರಲಿಲ್ಲ. ಎಚ್ಚರ ತಪ್ಪಿದವನು ಕಾರ್ಡು ಹಿಡಿದುಕೊಂಡು ಬೀಳುವುದಿಲ್ಲವಲ್ಲ ಎಂಬುದೊಂದೇ ಜುಲೇಖಾಳ ತಕರಾರು.

ಭಾನುವಾರ ಅವಳು ಸೂಡಿಯ ಬಸ್ಸು ಹತ್ತಿದಳು. ಸಿದ್ದಲಿಂಗವ್ವ ಪಡಸಾಲೆಯಲ್ಲಿ ಮೊರ ಹಿಡಿದು ಹೆಸರುಕಾಳು ಹಸನು ಮಾಡುತ್ತಿದ್ದಳು. ಬಂದ ಕಾರಣ ಕೇಳಿ ಮೊರ ಪಕ್ಕಕ್ಕಿಟ್ಟಳು.

"ಹೆಸರ ಹಸನ ಮಾಡಾಕ ಬಂದೀರಿ ಅನ್ರಿ ಹಂಗಾದ್ರ. ಕುಂದ್ರಿ ಅಕ್ಕಾರ, ನಾನೂ ಅದನ್ನ ಮಾಡಾಕತ್ತೀನಿ."

"ಕಾರ್ಡಿನ್ಯಾಗ ಅಂದಾನಪ್ಪ ಅಂತ ಐತಿ ಯವ್ವಾ. ನೀವ್ಯಾಕ ಬಸ್ಯಾ ಅಂದ್ರಿ?"

ಆ ಹೆಸರು ಕಿವಿಗೆ ಬಿದ್ದೊಡನೆ ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡಳು. ಆ ಹೆಸರಿನ ಹಿರಿಯರು ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು.

"ನಮ್ಮ ಮಾವನವರ ಹೆಸರ್ರಿ ಅದು. ಮೊಮ್ಮಗಗ ಇಟ್ಟಾರ. ಸೊಸಿ ಆದಾಕಿ ಅದನ್ನ ಹ್ಯಾಂಗ ಅನ್ನೂದು? ತೊಟ್ಟಿಲದಾಗ ಇದ್ದಾಗಿಂದ ನನಗ ಅವ ಬಸ್ಯಾನ."

"ಅಂಥಾ ಹೊತ್ತಿನ್ಯಾಗೂ ಅನ್ನಲಿಲ್ಲಲ್ಲ."

"ನೆನಪ ಬರಬೇಕಲ್ರಿ. ನೀವ ಆ ಹೆಸರ ಓದಿ, ಇವನೇನವಾ ಅಂತ ಕೇಳಿದ್ರ ಹೌದಂತ ಗೋಣ ಹಾಕತಿದ್ದೆ. ನೀವ ಕೇಳಲಿಲ್ಲ, ಬಿಡ್ರಿ."

ಹಿಂದಿರುಗುವ ದಾರಿಯುದ್ದಕ್ಕೂ ಜುಲೇಖಾ ಆ ಮಾತನ್ನೇ ತಿರುವಿ ತಿರುವಿ ನೋಡಿದಳು. ಒಂಬತ್ತು ತಿಂಗಳು ತಾನು ಬಂದವರ ಬಾಯಿಂದ ಹೊರಟ ಹೆಸರನ್ನು ಬೆನ್ನಟ್ಟಿದ್ದಳು. ಬಾಯಿಂದ ಹೊರಡದ ಹೆಸರಿಗೆ ದಾರಿಯನ್ನೇ ಇಟ್ಟಿರಲಿಲ್ಲ. ಮಾವನ ಹೆಸರಿನ ಮಗ, ಗಂಡ, ಅತ್ತೆಯ ಹೆಸರಿನ ಮಗಳು—ಈ ಸೀಮೆಯ ಹಿರಿಯ ಹೆಂಗಸರು ಎಷ್ಟು ಮಂದಿಯ ಹೆಸರನ್ನು ನಾಲಗೆಯ ಹಿಂದೆಯೇ ಇಟ್ಟುಕೊಂಡು ಬದುಕುತ್ತಾರೆ ಎಂದು ಬೆರಳು ಮಡಿಚಿ ಲೆಕ್ಕ ಹಾಕಿದಳು; ಬೆರಳುಗಳು ಸಾಲಲಿಲ್ಲ. ಹೆಸರು ಹೇಳಬೇಕಾದದ್ದು ಬಂದವರಲ್ಲ, ದವಾಖಾನೆ.

ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಊರು, ಮನೆತನದ ಅಡ್ಡಹೆಸರು, ಅಂದಾಜು ವಯಸ್ಸು, ಕರೆತಂದವರ ಸಂಬಂಧ, ಇಷ್ಟನ್ನು ಒತ್ತಿದರೆ ಹೊಂದುವ ನಾಲ್ಕೈದು ಹೆಸರುಗಳು ಬರುತ್ತವೆ. ಕಿಂಡಿಯಲ್ಲಿ ಕೂತವರು ಒಂದೊಂದಾಗಿ ಓದಬೇಕು; ಎದುರಿಗಿದ್ದವರು ಗೋಣು ಹಾಕಿದರೆ ಸಾಕು. ಮನೆಯಲ್ಲಿ ಕರೆಯುವ ಹೆಸರಿಗೆ, ಯಾರ ಹೆಸರನ್ನು ಇಟ್ಟಿದ್ದು ಎಂಬುದಕ್ಕೆ ಬೇರೆ ಬೇರೆ ಅಂಕಣ ಮಾಡಿದಳು.

ಸಭೆಯಲ್ಲಿ ಟ್ರಸ್ಟಿನ ಹಿರಿಯ ಸದಸ್ಯ, ಕಾಳುಕಡಿ ವ್ಯಾಪಾರಿ ದ್ಯಾವಪ್ಪನವರು ಅಡ್ಡ ಬಂದರು. ಇಂಥ ಮೂಢ ರೂಢಿಗೆ ಮಣಿದರೆ ಜನ ಸುಧಾರಿಸುವುದು ಯಾವಾಗ, ತಿದ್ದಬೇಕಾದದ್ದು ಮಂದಿಯನ್ನೇ ಹೊರತು ಯಂತ್ರವನ್ನಲ್ಲ ಎಂಬುದು ಅವರ ವಾದ. ಜುಲೇಖಾಳಿಗೂ ಆ ರೂಢಿಯ ಮೇಲೆ ಪ್ರೀತಿಯಿರಲಿಲ್ಲ.

"ಮಂದೀನ ತಿದ್ದಾಕ ನೂರು ವರ್ಷ ಬೇಕ್ರಿ ಸಾವ್ಕಾರ್ರ. ಅಲ್ಲೀತನಕ ಅವರು ಬೀಳೂದು, ಬ್ಯಾನಿ ಬರೂದು ನಿಲ್ಲಂಗಿಲ್ಲ. ನಿಮ್ಮ ಮನ್ಯಾಗ ಅಮ್ಮಾರು ನಿಮ್ಮನ್ನ ಏನಂತ ಕರೀತಾರ್ರಿ?"

ದ್ಯಾವಪ್ಪನವರು ಕನ್ನಡಕ ತೆಗೆದು ಒರೆಸಿದರು. "ಇಲ್ನೋಡ್ರಿ ಅಂತಾಳವಾ. ನಲವತ್ತ ವರ್ಷದಿಂದ ನಾ ಇಲ್ನೋಡ್ರೀನ ಆಗೀನಿ."

ಸಭೆ ನಕ್ಕಿತು. ನಕ್ಕ ಮೇಲೂ ಒಪ್ಪಿಗೆ ಪೂರ್ತಿ ಸಿಗಲಿಲ್ಲ. ಗಜೇಂದ್ರಗಡದ ಶಾಖೆಯಲ್ಲಿ ಮೂರು ತಿಂಗಳು ನಡೆಸಿ ತೋರಿಸಲಿ, ಫಲ ಕಾಣದಿದ್ದರೆ ಅಂಕಿಯ ಕಾರ್ಡೇ ಸರಿ ಎಂದು ತೀರ್ಮಾನವಾಯಿತು.

ಗಜೇಂದ್ರಗಡದ ಕಿಂಡಿಯಲ್ಲಿ ಇಷ್ರತ ಎಂಬ ಪದವೀಧರೆ ಇದ್ದಳು. ಜುಲೇಖಾ ದಿನವೂ ಹೋಗಿ ಅವಳ ಬೆನ್ನ ಹಿಂದೆ ನಿಂತಳು. ಎರಡು ತಿಂಗಳು ಶೀತ, ಕೆಮ್ಮು, ಮೊಣಕಾಲು ನೋವಿನವರೇ ಬಂದರು. ಕಾಗದಗಳು ಸಿಕ್ಕವು, ಯಾರ ಜೀವಕ್ಕೂ ಅವು ಬೇಕಾಗಲಿಲ್ಲ. ಮೂರನೆಯ ತಿಂಗಳ ಒಂದು ಸೋಮವಾರ ಮುಶಿಗೇರಿಯ ಮಧ್ಯವಯಸ್ಸಿನ ಹೆಂಗಸೊಬ್ಬಳು ಗಂಡನನ್ನು ಕರೆತಂದಳು. ಆತ ಹೊಟ್ಟೆ ಹಿಡಿದು ನರಳುತ್ತಿದ್ದ, ಮಾತು ಬರುತ್ತಿರಲಿಲ್ಲ. ಒಳಗೆ ನರ್ಸು ನೋವಿನ ಇಂಜೆಕ್ಷನ್ ತುಂಬಿಕೊಂಡು ನಿಂತಿದ್ದಳು. ಹೆಸರು ಕೇಳಿದರೆ ಹೆಂಗಸು "ನಮ್ಮ ಮನಿಯವರ್ರಿ" ಎಂದಳಷ್ಟೆ. ಇಷ್ರತ ಊರು, ಅಡ್ಡಹೆಸರು, ವಯಸ್ಸು ಕೇಳಿ ಒತ್ತಿ, ಬಂದ ನಾಲ್ಕು ಹೆಸರುಗಳನ್ನು ಮೆಲ್ಲಗೆ ಓದತೊಡಗಿದಳು. ಮೂರನೆಯದಕ್ಕೆ ಹೆಂಗಸು ನೆಲ ನೋಡುತ್ತ ಗೋಣು ಹಾಕಿದಳು. ರೋಗಿಯ ಮೂತ್ರಪಿಂಡ ಸೋತಿದೆ, ಆ ಜಾತಿಯ ನೋವಿನ ಔಷಧ ಕೂಡದು ಎಂದು ಕಾಗದದಲ್ಲಿತ್ತು. ಜುಲೇಖಾ ಅದನ್ನು ಓದಿಕೊಳ್ಳುತ್ತಲೇ ಒಳಗೆ ಹೋದಳು. ನರ್ಸು ಇಂಜೆಕ್ಷನ್ನನ್ನು ಟ್ರೇಗೆ ಮರಳಿಸಿ ಡಾಕ್ಟರನ್ನು ಕರೆದಳು.

ಅಂಕಿಯ ಕಾರ್ಡಿನ ಮಾತು ಮತ್ತೆ ಏಳಲಿಲ್ಲ. ಇಂದು ರೋಣ, ಗಜೇಂದ್ರಗಡ, ನರಗುಂದದ ಸುತ್ತಿನ ಹನ್ನೊಂದು ದವಾಖಾನೆಗಳಲ್ಲಿ ಜುಲೇಖಾಳ ತಂತ್ರಾಂಶವಿದೆ. ಎಂಜಿನಿಯರಿಂಗ್ ಕಾಲೇಜಿನವರು ಬಂದು ಆ ವಿಧಾನದ ಹೆಸರೇನೆಂದು ಕೇಳಿದಾಗ, ಗೋಣು ಹಾಕಿಸುವುದು ಎಂದು ಹೇಳಿ ಕಳಿಸಿದಳು. ಅವರು ಅದನ್ನೇ ತಮ್ಮ ಪ್ರಬಂಧದ ತಲೆಬರಹ ಮಾಡಿದರು.

ಕಳೆದ ತಿಂಗಳು ನರಗುಂದದ ದವಾಖಾನೆಯಲ್ಲಿ ಹೊಸಬರಿಗೆ ಕಲಿಸುವಾಗ, ಓದಿದ ಯಾವ ಹೆಸರಿಗೂ ಬಂದವರು ಗೋಣು ಹಾಕದಿದ್ದರೆ ಹೊಸ ಕಾಗದ ತೆಗೆಯೋಣವೇ ಎಂದು ಐಶ್ವರ್ಯಾ ಎಂಬಾಕೆ ಕೇಳಿದಳು.

"ಲಗೂನ ತೆಗೀಬ್ಯಾಡವಾ. ಮತ್ತ ಕೇಳು, ಮತ್ತ ಓದು. ಅಡ್ಡಹೆಸರ ತಪ್ಪಿರಬೇಕು, ವಯಸ್ಸ ತಪ್ಪಿರಬೇಕು. ಎದುರಿಗೆ ಬಂದ ಮನಷ್ಯಾ ತಪ್ಪಿರಂಗಿಲ್ಲ."

ಅಷ್ಟು ಹೇಳಿ, ಹೊರಗೆ ಸಾಲು ಬೆಳೆಯುತ್ತಿದ್ದುದರಿಂದ ಜುಲೇಖಾ ಕಿಂಡಿಯ ಬಾಗಿಲು ಸರಿಸಿ ತೆರೆದಳು.