ಯುರೋಪಿಗೆ ಹೋದ ನನ್ನ ಡಬ್ಬಿ

ಕಳೆದ ವಾರ ಒಂದು ಸ್ಟೀಲ್ ಡಬ್ಬಿ ಮನೆಗೆ ಮರಳಿತು. ಮುಚ್ಚಳದ ಮೇಲೆ ನನ್ನ ಹೆಸರು ಕೊರೆದಿದೆ. ತೆರೆದರೆ ಪ್ಲಮ್ ಹಣ್ಣಿನ ಜಾಮಿನ ವಾಸನೆ. ನಮ್ಮ ಶೇಂಗಾ ಚಟ್ನಿಯ ಬೆಳ್ಳುಳ್ಳಿ ಮಾತ್ರ ತಳದಲ್ಲೆಲ್ಲೋ ಇನ್ನೂ ಹಟ ಹಿಡಿದು ಕೂತಂತಿತ್ತು...

ಎದುರುಮನೆಯವರು ವಳಸಂಗದ ಒಕ್ಕಲು ಮನೆತನದವರು. ಸೊಲ್ಲಾಪುರದ ಒಂದೇ ಕಾಲೇಜಿನಲ್ಲಿ ಅವರೂ ನಾನೂ ಸಮಾಜಶಾಸ್ತ್ರ ಕಲಿಸುತ್ತಿದ್ದೆವು. ಯುರೋಪಿನ ಸಣ್ಣ ಊರುಗಳಲ್ಲಿ ಮುದುಕರು ಹೆಚ್ಚಿ, ತೊಟ್ಟಿಲುಗಳು ಕಡಿಮೆಯಾಗಿ, ಖಾಲಿ ಮನೆಗಳಿಗೆ ದೂರದೇಶದವರು ಬಂದು ಸೇರುತ್ತಿದ್ದರು. ಹಳಬರೂ ಹೊಸಬರೂ ಕೂಡಿ ಬಾಳಲು ಸರಕಾರ ಏನು ಮಾಡಬೇಕೆಂಬ ಸಂಶೋಧನೆಗೆ ಅಲ್ಲಿಂದ ಕರೆ ಬಂದಾಗ ಇಬ್ಬರೂ ಅರ್ಜಿ ಹಾಕಿದೆವು. ನಾನು ಉಣ್ಣೆಯ ಕೋಟನ್ನೂ ಹೊಲಿಸಿದೆ. ಆರಿಸಿದ್ದು ಅವರನ್ನು. ಆ ಕೋಟನ್ನು ದುಧನಿಯಲ್ಲಿ ನಡುಬೇಸಿಗೆಯ ಮದುವೆಯೊಂದರಲ್ಲಿ ತೊಟ್ಟು ಅದರ ಋಣ ತೀರಿಸಿದೆ.

ಅವರು ಹೊರಡುವ ದಿನ ನನ್ನ ಹೆಂಡತಿ ಡಬ್ಬಿಯ ತುಂಬ ಚಟ್ನಿ ಕೊಟ್ಟಳು. ನಾನು ಶುಭ ಹಾರೈಸಿದೆ. ಹಲ್ಲು ಕಚ್ಚಿದ್ದು ಮೀಸೆಯ ಮರೆಯಲ್ಲಿ ಕಾಣಲಿಲ್ಲ.

ರಜೆಗೆ ಬಂದಾಗ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು: "ಸರ, ಅಲ್ಲಿ ನಮ್ಮ ಬಾಜೂಕ ಒಬ್ಬಾಕಿ ವಯಸ್ಸಾದ ಆಯಿ ಇದ್ದಾಳ್ರಿ. ಹೊಸ ಮಂದಿ ಕಂಡ್ರ ಬಾಗಲಾ ಹಾಕ್ಕೋತಿದ್ಲು. ನಿಮ್ಮ ಡಬ್ಬ್ಯಾಗ ಚಟ್ನಿ ಕೊಟ್ಟೆ. ಮರುದಿನ ಡಬ್ಬಿ ತೊಳದು ರಿಕಾಮಿ ವಾಪಸ್ ತಂದ್ಲು. ಹಂಗ ಖಾಲಿ ಕೊಡಬಾರ್ದ್ರಿ ಆಯಿ, ಏನರೆ ಹಾಕಿ ಕೊಡ್ರಿ ಅಂದೆ."

"ಬೇಡಿ ತಿಂದ್ರಿ ಅನ್ರಿ," ಎಂದೆ.

"ತಿಂದೆ ನೋಡ್ರಿ! ಜಾಮ್ ಹಾಕಿ ಕೊಟ್ಲು. ಮುಂದ ಆಕೀನ ಡಬ್ಬಿ ತುಂಬಿ ಮ್ಯಾಲಿನ ಮನಿ ಸಿರಿಯಾದವರಿಗೆ ಕೊಟ್ಲು. ಈಗ ಓಣಿ ತುಂಬ ನಿಮ್ಮ ಡಬ್ಬೀನ ತಿರಗ್ಯಾಡಾಕತ್ತೇತ್ರಿ."

ಡಬ್ಬಿಯನ್ನು ಖಾಲಿ ಮರಳಿಸಬಾರದೆಂದು ನಮ್ಮ ಅಡುಗೆಮನೆಯಲ್ಲಿ ದಿನವೂ ನಡೆಯುತ್ತಿದ್ದ ರೂಢಿ ಅವರ ವರದಿಯಲ್ಲಿ ಅಧ್ಯಾಯವಾಯಿತು. ಆ ಊರಿನ ನಗರಸಭೆ, ಹೊಸಬರು ಬಂದ ಮನೆಗಳಿಗೆ ಹಂಚಲು ಡಬ್ಬಿಗಳನ್ನೇ ಕೊಂಡಿತಂತೆ. ಹೆಂಡತಿ ನನ್ನನ್ನು ಸಮಾಧಾನಪಡಿಸಿದಳು: "ನೀವು ಹೋಗ್ಲಿಲ್ಲಂದ್ರ ಏನಾತ್ರಿ, ನಿಮ್ಮ ಹೆಸರರೆ ಹೋಗೇತಲ್ಲ!"

ಆಮೇಲೆ ಅವರು ಬಂದಾಗಲೆಲ್ಲ ನನ್ನದು ಒಂದೇ ಮಾತು. "ನನ್ನ ಡಬ್ಬಿ ತಂದ್ರೇನ್ರಿ?" ಮಹಾಸಂಸ್ಥಾನವೊಂದರ ಕಳುವಾದ ಕಿರೀಟವನ್ನು ವಿಚಾರಿಸುವಂತೆ ಕೇಳುತ್ತಿದ್ದೆ. "ಮುಂದಿನ ಸಲ ಖರೇನ ತರ್ತೀನ್ರಿ ಸರ," ಎಂದು ನಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಕೆಮ್ಮು ಬಲಿತು ಅವರು ಅಲ್ಲೇ ತೀರಿಕೊಂಡರು...

ಡಬ್ಬಿ ತಂದುಕೊಟ್ಟವನು ಅವರ ತಮ್ಮ. "ಅಲ್ಲಿಂದ ಸಾಮಾನ ತಂದವರ ಕೈಯಾಗ ಬಾಜೂಮನಿ ಆಯಿ ಕೊಟ್ಟಾಳಂತ್ರಿ. ರಿಕಾಮಿ ಒಯ್ಯಬ್ಯಾಡ ಅಂದ್ಲಂತ."

ಈಗ ನನ್ನ ಹೊಟ್ಟೆಕಿಚ್ಚೆಲ್ಲ ಕಂಡರಿಯದ ಆ ಮುದುಕಿಯ ಮೇಲೆ ತಿರುಗಿದೆ. ಅವರ ಕೊನೆಯ ಚಳಿಗಾಲದಲ್ಲಿ ಗೋಡೆಯಾಚೆಯ ಕೆಮ್ಮು ಕೇಳಿದವಳು ಆಕೆ. ಬಿಸಿನೀರು ಒಯ್ದವಳೂ ಆಕೆಯೇ ಇರಬೇಕು. ಎದುರುಮನೆಯವನೆಂಬ ಹೆಸರು ಮಾತ್ರ ನನ್ನದು.

ಜಾಮ್ ಮುಗಿಯಿತು. ಹೆಂಡತಿ ಡಬ್ಬಿ ತೊಳೆದು, ರೂಢಿಬಿದ್ದ ಕೈಯಿಂದ ಚಟ್ನಿ ತುಂಬಿ ಕಟ್ಟೆಯ ಮೇಲಿಟ್ಟಳು. ಎದುರಿನ ಬಾಗಿಲಿಗೆ ಬೀಗ. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ನನ್ನ ಡಬ್ಬಿ ನನಗೆ ಬೇಕಿತ್ತು, ನಿಜ. ಆದರೆ ತರುವವರು ಅವರೇ ಆಗಬೇಕಿತ್ತು.