ತೊಟ್ಟಿರುವ ಕಾಯಿ

ತಿಪಟೂರಿನ ಯಾವ ಅಂಗಡಿಯ ಮುಂದಾದರೂ ನಿಂತು ತಲೆ ಎತ್ತಿ ನೋಡಿ, ಕೆಂಪು ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿ ನೇತಾಡುತ್ತಿರುತ್ತದೆ. ನಮ್ಮ ಕೊಬ್ಬರಿ ಮಂಡಿಯ ಬಾಗಿಲಿಗೂ ಒಂದಿತ್ತು. ಅಮಾವಾಸ್ಯೆಯ ದಿನ ಪೂಜೆ ಮಾಡಿಸಿ ನಮ್ಮತ್ತೆಯೇ ಕಟ್ಟಿಸಿದ್ದರು. ಅದನ್ನು ಯಾರೂ ಮಾಟ ಅನ್ನಲಿಲ್ಲ. ಅದೇ ಕೆಂಪು ಬಟ್ಟೆ, ಅದೇ ಕಾಯಿ, ಬರ್ಮಾದಿಂದ ಬಂದ ಹೆಂಗಸಿನ ಮನೆಯಲ್ಲಿ ಕಂಡಾಗ ಮಾತ್ರ ಮಾಟವಾಗಿಬಿಟ್ಟಿತು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹಿತ್ತಲಲ್ಲಿ ಎರಡು ಕೋಣೆಯ ಹೆಂಚಿನ ಮನೆ, ಅದರ ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿ. ಕೆಳಗೆ ಯಾರಾದರೂ ಒಲೆ ಉರಿಸಿದರೆ ಅಟ್ಟಕ್ಕೆ ಹೊಗೆ ತಾಗುತ್ತದೆ, ಕಾಯಿ ಚೆನ್ನಾಗಿ ಒಣಗುತ್ತದೆ. ಬಾಡಿಗೆಯೂ ಬಂತು, ಹೊಗೆಯೂ ಸಿಕ್ಕಿತು ಎನ್ನುವ ಲೆಕ್ಕದಲ್ಲಿ ಅತ್ತೆ ಅದನ್ನು ಬರ್ಮಾದಿಂದ ಬಂದ ಆ ದಂಪತಿಗೆ ಕೊಟ್ಟರು.

ಗಂಡ ಮೂಲದಲ್ಲಿ ತುರುವೇಕೆರೆ ಕಡೆಯವರು. ಚಿಕ್ಕಂದಿನಲ್ಲೇ ರಂಗೂನಿಗೆ ಹೋಗಿ ಎಣ್ಣೆ ಗಿರಣಿಯಲ್ಲಿ ಮೆಕಾನಿಕ್ ಆಗಿದ್ದರು. ಅಲ್ಲಿಂದ ಭಾರತದವರನ್ನೆಲ್ಲ ಹೊರಡಿಸಿದಾಗ, ತಾವು ಮದುವೆಯಾಗಿದ್ದ ಅಲ್ಲಿನ ಹೆಣ್ಣುಮಗಳನ್ನು ಕರೆದುಕೊಂಡು ಹಡಗು ಹತ್ತಿದರು. ಮದರಾಸಿನ ಶಿಬಿರದಲ್ಲಿ ಬಹಳ ದಿನ ಕಳೆದು ಊರಿಗೆ ಬಂದರೆ, ದಾಯಾದಿಗಳು ಹೊಸ್ತಿಲು ತುಳಿಯಲು ಬಿಡಲಿಲ್ಲ. ಕೊನೆಗೆ ತಿಪಟೂರಿನ ಒಂದು ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಆಕೆ ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಆಕೆ ನನ್ನನ್ನು ತಂಗಿ ಎನ್ನುತ್ತಿದ್ದಳು. ಗಂಡನಿಂದ ಕಲಿತ ಕನ್ನಡ, ಆದ್ದರಿಂದ ಪಕ್ಕಾ ತುರುವೇಕೆರೆ ಮಾತು. ಆ ಮುಖದಿಂದ ಆ ಮಾತು ಬಂದರೆ ಬೀದಿಯವರಿಗೆಲ್ಲ ನಗು.

ಬಂದ ವಾರದಲ್ಲೇ ಆಕೆ ಅತ್ತೆಯನ್ನು ಒಂದು ಕಾಯಿ ಕೇಳಿದಳು. ಅಂಗಡಿಯ ಸುಲಿದ ಕಾಯಿ ಆಗದು, ಸಿಪ್ಪೆ ಇರಬೇಕು, ತೊಟ್ಟು ಮುರಿದಿರಬಾರದು, ಒಳಗೆ ನೀರಿರಬೇಕು. ಅತ್ತೆ ನಗುತ್ತಲೇ ತೋಟದಿಂದ ತರಿಸಿ ಕೊಟ್ಟರು. ಆಕೆ ಅದರ ತಲೆಗೆ ಕೆಂಪು ಬಟ್ಟೆಯನ್ನು ಪೇಟದ ಹಾಗೆ ಸುತ್ತಿ, ಬೆತ್ತದ ಚಿಕ್ಕ ಬುಟ್ಟಿಯಲ್ಲಿಟ್ಟು, ನಡುಮನೆಯ ಕಂಬಕ್ಕೆ ತೂಗುಹಾಕಿದಳು. ಹಡಗಿನಲ್ಲಿ ಆಕೆ ತನ್ನದೆಂದು ತಂದದ್ದು ಆ ಬುಟ್ಟಿಯೊಂದನ್ನೇ.

"ಇವ್ರು ನಮ್ಮನೆ ಕಾಯೋರು ಕಣ್ ತಂಗಿ," ಎಂದಳು. "ಹಿಂದೆ ಒಬ್ಬ ಕಮ್ಮಾರ ಇದ್ನಂತೆ. ರಾಜ ಅವನ್ನ ಮರಕ್ಕೆ ಕಟ್ಟಿ ಸುಟ್ಬುಟ್ಟ. ಸತ್ತ ಮ್ಯಾಲೆ ಅವ್ನೇ ಮನೆ ಕಾಯೋ ದ್ಯಾವ್ರಾದ. ಸುಟ್ಟ ಗಾಯಕ್ಕೆ ತಂಪಾಗ್ಲಿ ಅಂತ ಕಾಯಿ ಮಡಗ್ತೀವಿ. ಒಳಗಿನ ನೀರು ಬತ್ತೋದ್ರೆ ಬ್ಯಾರೆ ಇಡಬೇಕು. ಇಲ್ದಿದ್ರೆ ಅವ್ರು ಎದ್ದು ಹೊಂಟೋಯ್ತಾರೆ."

ನಮ್ಮ ಸೀಮೆಯಲ್ಲಿ ಕಾಯಿಯ ನೀರು ಬತ್ತಿ ಕೊಬ್ಬರಿ ಗಲಗಲ ಎಂದರೆ ಸಂಭ್ರಮ. ಆಕೆಗೆ ಅದೇ ಭಯ. ನನಗೆ ತಮಾಷೆ ಎನಿಸಿತು. ಕೊಬ್ಬರಿ ಸುಲಿಯಲು ಕೂತಿದ್ದ ಹೆಂಗಸರ ಮಧ್ಯೆ ನಾನೇ ಅದನ್ನೆಲ್ಲ ಬಣ್ಣ ಕಟ್ಟಿ ಹೇಳಿ ನಗಿಸಿದೆ. ಸುಟ್ಟು ಸತ್ತವನು, ಕೆಂಪು ಬಟ್ಟೆ, ಕಂಬ. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಆ ಸಲ ಹಿತ್ತಲ ಅಟ್ಟದ ಕಾಯಿ ಒಡೆದು ನೋಡಿದರೆ ಮೂಲೆಯ ರಾಶಿಯೆಲ್ಲ ಕೌಟಾಗಿತ್ತು, ಮುಗ್ಗಲು ವಾಸನೆ. ಆ ಮೂಲೆಯ ಮೇಲೆ ಎರಡು ಹೆಂಚು ಒಡೆದಿದ್ದವು. ಮಳೆಗಾಲವೆಲ್ಲ ಅಲ್ಲಿ ಸೋರಿದೆ. ಅಟ್ಟ ಹತ್ತಿದ್ದವಳು ನಾನು, ನನ್ನ ಕಣ್ಣಾರೆ ಕಂಡಿದ್ದೆ. ಅತ್ತೆಗೆ ಹೇಳಿದೆ. ಹೆಂಚು ಬದಲಿಸಬೇಕೆಂದು ಬೇಸಿಗೆಯಲ್ಲೇ ಅಕ್ಕ ಬೇಡಿಕೊಂಡಿದ್ದನ್ನೂ, ಅತ್ತೆ ನಾಳೆ ನಾಳೆ ಎಂದು ತಳ್ಳಿದ್ದನ್ನೂ ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ. ಅತ್ತೆಗೆ ಹೆಂಚಿನ ಕಾರಣ ಬೇಕಿರಲಿಲ್ಲ.

"ನೀನೇ ಹೇಳಿಲ್ವೇನೇ, ಸುಟ್ಟು ಸತ್ತೋನ್ನ ಮನೆ ಒಳಗೆ ಮಡಗವ್ಳೆ ಅಂತ?" ಎಂದು ನನ್ನ ಮಾತನ್ನೇ ನನ್ನ ಮುಖಕ್ಕೆ ಹಿಡಿದು, ಮಚ್ಚು ತೆಗೆದುಕೊಂಡು ನಡೆದರು. ಆಕೆ ಅನ್ನ ಬಸಿಯುತ್ತಿದ್ದಳು. ಅತ್ತೆ ಬುಟ್ಟಿಯ ಹಗ್ಗ ಕೊಯ್ದು, ಕಾಯಿಯನ್ನು ಮೂರು ದಾರಿ ಕೂಡುವ ಕಡೆಗೆ ಒಯ್ದು, ಕಲ್ಲಿನ ಮೇಲಿಟ್ಟು ಸಿಪ್ಪೆಸಮೇತ ಕೊಚ್ಚಿ ಹಾಕಿದರು. ನೀರು ಮಣ್ಣಿಗೆ ಹೋಯಿತು. ಆಕೆ ಬಿದ್ದಿದ್ದ ಕೆಂಪು ಬಟ್ಟೆಯನ್ನು ಎತ್ತಿಕೊಂಡು, ಧೂಳು ಕೊಡವಿ, ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀದಿಗೆ ಬೀದಿಯೇ ನಿಂತು ನೋಡಿತು, ನಾನೂ ನೋಡಿದೆ.

ರಾತ್ರಿ ಗಂಡನಿಗೆ ಹೇಳಿದೆ. "ಅವ್ವಂಗೆ ಎದುರಾಡಕ್ಕಾಯ್ತದಾ? ಬುಡು ಅತ್ಲಾಗೆ," ಎಂದು ಮಗ್ಗುಲಾದರು. ಆ ಒಂದು 'ಬುಡು'ವಿನಲ್ಲೇ ನಮ್ಮ ಮನೆಯ ಗಂಡಸರೆಲ್ಲ ಬದುಕು ಸಾಗಿಸಿದರು.

ಆ ದಂಪತಿ ಮನೆ ಬಿಟ್ಟು ಗಿರಣಿಯ ಹಿಂದಿನ ಕೋಣೆಗೆ ಹೋದರು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಅವಳಿಗೆ ತೊಟ್ಟಿರುವ ಕಾಯಿ ಕೊಡಬೇಡಿ, ಮಾಟಕ್ಕೆ ಬಳಸುತ್ತಾಳೆ ಎಂದು ತೋಟದವರಿಗೆಲ್ಲ ಅತ್ತೆ ಸುದ್ದಿ ಮುಟ್ಟಿಸಿದರು. ಆಕೆಯ ಗಂಡ ಅರಳಗುಪ್ಪೆಗೆ ಹೋದರು, ಹುಳಿಯಾರಿನ ಸಂತೆಗೆ ಹೋದರು. ಸುಲಿದ ಕಾಯಿ ಎಷ್ಟು ಬೇಕಾದರೂ ಸಿಕ್ಕಿತು. ತೊಟ್ಟಿರುವುದನ್ನು ಕೇಳಿದರೆ ಮೇಲಿಂದ ಕೆಳಕ್ಕೆ ನೋಡಿ, "ನೀನು ಆ ಬರ್ಮಾದೋಳ ಗಂಡ ಅಲ್ವೇನಪ್ಪಾ?" ಎಂದರು. ಕಣ್ಣು ಹಾಯಿಸಿದಷ್ಟು ದೂರ ತೆಂಗಿನ ಮರ, ಅಟ್ಟ ಮುರಿಯುವಷ್ಟು ಕಾಯಿ. ಒಂದು ಕಾಯಿ ಕೊಡುವವರು ಗತಿ ಇರಲಿಲ್ಲ.

ನಮಗೂ ತೋಟವಿತ್ತು. ನಾನು ಒಂದು ಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಬಹುದಿತ್ತು. ಅತ್ತೆಗೆ ಹೆದರಿ ಹೋಗಲಿಲ್ಲ. ಹತ್ತು ವರ್ಷ ಹೋಗಲಿಲ್ಲ. ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಅವರು ಸತ್ತಿದ್ದಾರೆ. ನನ್ನ ಮೇಲಿನ ಸಿಟ್ಟನ್ನು ಎಲ್ಲಿ ಹಾಕಲಿ?

ಎಂಬತ್ತರ ದಶಕದಲ್ಲಿ, ಅತ್ತೆ ಹೋದ ಮೇಲೆ, ಆಕೆ ಒಂದು ದಿನ ಸಂತೆಯಲ್ಲಿ ಸಿಕ್ಕಿದಳು. ಕೋಣೆಗೆ ಕರೆದೊಯ್ದು ಒಂದು ಫೋಟೋ ತೋರಿಸಿದಳು. ಅವಳ ತಮ್ಮ ಬರ್ಮಾದಿಂದ ತಪ್ಪಿಸಿಕೊಂಡು ಥೈಲ್ಯಾಂಡಿಗೆ ಹೋಗಿ, ಅಲ್ಲಿಂದ ಅಮೆರಿಕ ಸೇರಿದ್ದನಂತೆ. ಫೋಟೋದಲ್ಲಿ ಕಿಟಕಿಯಾಚೆ ಬರೀ ಹಿಮ. ಒಳಗೆ ಗೋಡೆಗೆ ತೂಗುಹಾಕಿದ ಬುಟ್ಟಿ, ಅದರಲ್ಲಿ ಕೆಂಪು ಪೇಟದ ಕಾಯಿ.

"ಅಲ್ಲಿ ಕಾಂಬೋಡಿಯಾದಿಂದ ಓಡ್ಬಂದೋರು ಒಂದು ಅಂಗಡಿ ಮಡಗವ್ರಂತೆ. ಅವ್ರು ತರಿಸ್ಕೊಟ್ರಂತೆ. ತೊಟ್ಟು ಇರ್ಲಿಲ್ವಂತೆ, ಕಡ್ಡಿ ಅಂಟಿಸವ್ನೆ ನೋಡು," ಎಂದು ನಕ್ಕಳು. "ಪಕ್ಕದ ಮನೆ ಬಿಳಿಯೋರು, ಏನಿದು ಅಂತ ಕೇಳಿದ್ರಂತೆ. ಹೇಳಿದ್ನಂತೆ. ಅಷ್ಟೇಯ."

ನನ್ನ ಕಣ್ಣು ಅವಳ ಕಂಬದ ಕಡೆ ಹೋಯಿತು. ಅದೇ ಬೆತ್ತದ ಬುಟ್ಟಿ ಅಲ್ಲಿತ್ತು. ಬರಿದು.

ಮಾರನೆಯ ಬೆಳಿಗ್ಗೆ ಕಾಯಿ ಕೀಳುವವನನ್ನು ಕರೆಸಿ, ತೊಟ್ಟು ಮುರಿಯದ ಹಾಗೆ ಹಗ್ಗ ಕಟ್ಟಿ ಒಂದು ಕಾಯಿ ಇಳಿಸಿದೆ. ಸೆರಗಿನಲ್ಲಿ ಮುಚ್ಚಲಿಲ್ಲ, ಎರಡು ಕೈಯಲ್ಲಿ ಹಿಡಿದು ಬೀದಿಯ ನಡುವೆಯೇ ನಡೆದುಹೋದೆ. ಯಾರಾದರೂ ಕೇಳಲಿ ಎಂದು ಕಾದಿದ್ದೆ. ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಮರೆತೇಹೋಗಿತ್ತು.

ಆಕೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ತೊಟ್ಟನ್ನು ಬೆರಳಿನಿಂದ ಸವರಿದಳು. ಬುಟ್ಟಿಯ ಕಡೆ ಹೋಗಲಿಲ್ಲ, ಒಲೆಯ ಪಕ್ಕದ ಮಚ್ಚು ತೆಗೆದುಕೊಂಡಳು.

"ಅಕ್ಕಾ, ಅದು ಮನೆ ಕಾಯುವವರಿಗೆ ತಂದದ್ದು," ಎಂದೆ.

"ಅವ್ರು ಈಗ ಇಲ್ಲಿಲ್ಲ ಕಣ್ ತಂಗಿ. ಸುಟ್ಟ ಮೈಲಿ ಎಷ್ಟು ವರ್ಷ ಅಂತ ಇದ್ದಾರು? ತಮ್ಮನ ಮನೆಗೆ ಹೊಂಟೋದ್ರು."

ಎರಡೇ ಏಟಿಗೆ ಮೂತಿ ಕೆತ್ತಿ, ನೀರನ್ನು ಲೋಟಕ್ಕೆ ಬಸಿದು ನನ್ನ ಕೈಗೆ ಕೊಟ್ಟಳು. "ಬಿಸ್ಲಲ್ಲಿ ಬಂದಿದ್ದೀಯ, ಕುಡಿ." ನಾನು ಕುಡಿದೆ.